ರಾಯಚೂರಿನ ಎಸ್ತರಕ್ಕನ ಜಾಝ್

ಭಜನೆಗೆ ನನ್ನನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ. ಕಾರಣ ನನ್ನ ಕಂಠ ಎಂದು ನೀವು ಊಹಿಸಿದ್ದರೆ ತಪ್ಪು. ಕಂಠದ ಯೋಗ್ಯತೆ ನನಗೇ ಚೆನ್ನಾಗಿ ಗೊತ್ತಿರುವುದರಿಂದ ನಾನು ಅಂಥ ಕಡೆ ಬಾಯಿ ತೆರೆಯುವುದೇ ಇಲ್ಲ. ತೊಂದರೆ ಇರುವುದು ಕೈಗಳಲ್ಲಿ. ಎಲ್ಲರೂ ಒಟ್ಟಾಗಿ ಚಪ್ಪಾಳೆ ತಟ್ಟುವಾಗ ನನ್ನ ಚಪ್ಪಾಳೆ ಅವರ ಎರಡು ಚಪ್ಪಾಳೆಗಳ ನಡುವಿನ ಖಾಲಿ ಜಾಗದಲ್ಲಿ ಹೋಗಿ ಬೀಳುತ್ತದೆ. ಮೊನ್ನೆ ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯ ಪೂಜೆಯಲ್ಲಿ ಹಾಗೇ ಆಯಿತು. ಹಾರ್ಮೋನಿಯಂ ಹಿಡಿದಿದ್ದ ಹೆಂಗಸು ಹಾಡು ನಿಲ್ಲಿಸಿ, "ಯಾರ್ರೀ ಅದು ಹಿಂದುಗಡೆ, ತಾಳ ತಪ್ಪಿಸ್ತಾ ಇರೋದು?" ಎಂದರು. ಚಿಕ್ಕಮ್ಮ ನನ್ನ ಕೈಗೆ ಕೋಸಂಬರಿಯ ತಟ್ಟೆ ಕೊಟ್ಟು, "ನೀನು ಇದನ್ನ ಹಂಚು ತಾಯಿ" ಎಂದು ಎಬ್ಬಿಸಿದಳು. ಎರಡೂ ಕೈಗೆ ಕೆಲಸ ಸಿಕ್ಕಿತು, ಭಜನೆ ಉಳಿಯಿತು.

ಕೋಸಂಬರಿ ಹಂಚುತ್ತ ನನಗೆ ನಗು ಬಂತು. ಈ ಕೈಗಳನ್ನು ಕೆಡಿಸಿದವರು ಎಸ್ತರಕ್ಕ. ಅವರು ಹೈದರಾಬಾದಿನವರು. ಹಾಗಂದರೆ ಅವರಿಗೆ ಸಿಟ್ಟು ಬರುತ್ತಿತ್ತು, ರಾಯಚೂರಿನವರು ಎನ್ನಬೇಕು. ಒಂದು ಕಾಲಕ್ಕೆ ಮುಂಬಯಿ, ಕಲಕತ್ತೆಗಳಲ್ಲಿ ಜಾಝ್ ಹಾಡುಗಾರ್ತಿ ಎಂದರೆ ಮೊದಲು ಬಾಯಿಗೆ ಬರುತ್ತಿದ್ದ ನಾಲ್ಕಾರು ಹೆಸರುಗಳಲ್ಲಿ ಅವರದೂ ಒಂದು. ನಾನು ಅವರನ್ನು ಕಂಡಾಗ ಅವರು ಹೈದರಾಬಾದಿನ ಅಂಚಿನ ಲಿಂಗಂಪಲ್ಲಿಯಲ್ಲಿ ಮಹಡಿ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಡಲು ಹುಡುಗಿಯೊಬ್ಬಳನ್ನು ಹುಡುಕುತ್ತಿದ್ದರು. ನಾನು ಕೋಣೆ ಹುಡುಕುತ್ತಿದ್ದೆ.

ಆಗ ಹೈಟೆಕ್ ಸಿಟಿಯ ಗಾಜಿನ ಕಟ್ಟಡ ಎದ್ದು ಹೆಚ್ಚು ದಿನ ಆಗಿರಲಿಲ್ಲ. ಸುತ್ತ ಬಂಡೆಗಳು, ಬಂಡೆ ಒಡೆಯುವ ಸದ್ದು, ಕೆಂಪು ಧೂಳು. ಮಧ್ಯದಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ನಾವು. ನನ್ನದು ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. ಮನೆಯಲ್ಲಿ ಅಮ್ಮ, "ಅದಕ್ಕೆ ಓದಬೇಕಾಗಿತ್ತಾ? ಹುಟ್ಟಿದಾಗಿನಿಂದ ಅದನ್ನೇ ಮಾಡ್ತಿದ್ದೀಯಲ್ಲ" ಎಂದಿದ್ದಳು.

ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಬೇವಿನ ಮರ ಇದ್ದ ಮನೆ ಎಂದು ಆಟೋದವನು ಇಳಿಸಿ ಹೋದ. ಬಾಗಿಲು ತೆರೆದೇ ಇತ್ತು. ನನಗೆ ಬರುವ ಅಷ್ಟಿಷ್ಟು ಹಿಂದಿಯನ್ನು ಒಟ್ಟುಗೂಡಿಸಿಕೊಂಡು "ಆಂಟೀ, ರೂಮ್ ದೇಖ್‌ನಾ ಹೈ" ಎಂದು ಒಳಗೆ ಕಾಲಿಟ್ಟೆ. ಹಾಲಿನ ಮೂಲೆಯಲ್ಲಿ ಹಸಿರು ಸೀರೆ ಮೈತುಂಬ ಹೊದ್ದುಕೊಂಡು ಒಬ್ಬರು ಗೋಡೆಗೆ ಒರಗಿ ನಿಂತಿದ್ದರು. ನಮಸ್ಕಾರ ಮಾಡಿದೆ. ಉತ್ತರವಿಲ್ಲ. ಹತ್ತಿರ ಹೋದೆ. ಆ ಹೆಂಗಸಿಗೆ ಮುಖವಿರಲಿಲ್ಲ.

"ಅಯ್ಯೋ ರಾಮಾ!"

"ಹೆದರಬ್ಯಾಡ ತಂಗಿ," ಎಂದು ಒಳಗಿನಿಂದ ದಪ್ಪ ದನಿಯೊಂದು ಬಂತು. "ಅದು ನಮ್ಮ ಮನಿಯವರು."

ಹೆದರಿಕೆ ಇಮ್ಮಡಿಯಾಯಿತು. ಅಷ್ಟರಲ್ಲಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವರು ಕಪ್ಪಗೆ, ಎತ್ತರಕ್ಕೆ, ಬೆಳ್ಳಗಾದ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದ ಹೆಂಗಸು. ಅವರು ಸೀರೆಯನ್ನು ಸರಕ್ಕನೆ ಎಳೆದರು. ಒಳಗಿದ್ದದ್ದು ಆಳೆತ್ತರದ ಪಿಟೀಲಿನಂಥ ವಾದ್ಯ. ಅದಕ್ಕೆ ಡಬಲ್ ಬೇಸ್ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಅವರ ಗಂಡ ಆಂಟನಿ ಜೀವಮಾನವಿಡೀ ಅದನ್ನೇ ಬಾರಿಸಿ, ಕೆಲವು ವರ್ಷಗಳ ಹಿಂದೆ ತೀರಿಕೊಂಡಿದ್ದರು.

"ಕನ್ನಡದಾಕಿ ಇದ್ದೀ ಅಂದಮ್ಯಾಲೆ ಆಂಟಿ ಗೀಂಟಿ ಅನಬ್ಯಾಡ. ಅಕ್ಕ ಅನ್ನು," ಎಂದರು. "ರೊಟ್ಟಿ ತಿಂತಿ?"

ಕೋಣೆ ನೋಡುವ ಮೊದಲೇ ಜೋಳದ ರೊಟ್ಟಿ, ಪುಂಡಿ ಪಲ್ಯ ತಿಂದೆ. ಮೇಲೆ ಹೋಗಿ ನೋಡಿದರೆ ಕೋಣೆಯಲ್ಲಿ ಒಂದು ಕಿಟಕಿ, ಒಂದು ಮಂಚ, ಕಿಟಕಿಯಾಚೆ ರೈಲಿನ ಸದ್ದು. ಆದರೆ ಅಷ್ಟೊತ್ತಿಗೆ ರೊಟ್ಟಿಯೇ ತೀರ್ಮಾನ ಮಾಡಿಬಿಟ್ಟಿತ್ತು.

ಎಸ್ತರಕ್ಕನ ಕಥೆ ನನಗೆ ಒಂದೇ ಸಲಕ್ಕೆ ದಕ್ಕಿದ್ದಲ್ಲ. ರೊಟ್ಟಿ ಬಡಿಯುವಾಗ ಸ್ವಲ್ಪ, ನೀರಿನ ಟ್ಯಾಂಕರಿಗೆ ಕಾಯುವಾಗ ಸ್ವಲ್ಪ. ಅವರ ಅಪ್ಪ ರೈಲ್ವೆಯಲ್ಲಿ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸದವರು. ರಾಯಚೂರಿನಿಂದ ಸಿಕಂದರಾಬಾದಿಗೆ ವರ್ಗವಾದಾಗ ಎಸ್ತರಕ್ಕ ಇನ್ನೂ ಲಂಗ ತೊಡುವ ಹುಡುಗಿ. ಅಮ್ಮ ಮನೆಯಲ್ಲಿ ಜೋಳ ಬೀಸುವಾಗ ಹಾಡುತ್ತಿದ್ದರು, ಮಗಳು ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತಿದ್ದಳು. ರೈಲ್ವೆ ಕಾಲೊನಿಯ ಕ್ಲಬ್ಬಿನಲ್ಲಿ ಶನಿವಾರ ಸಂಜೆ ಬ್ಯಾಂಡು ಇರುತ್ತಿತ್ತು. ಈಕೆ ಹೊರಗಿನ ಕಿಟಕಿಯ ಸರಳು ಹಿಡಿದು ಕೇಳುವುದು, ಕೇಳಿದ್ದನ್ನೆಲ್ಲ ಮನೆಗೆ ಬಂದು ಅರ್ಥ ತಿಳಿಯದೆ ಹಾಡುವುದು. ಹಾಗೆ ಮಾಡುತ್ತ ಮಾಡುತ್ತ ಒಂದು ದಿನ ಬ್ಯಾಂಡಿನ ಮುಖ್ಯಸ್ಥನ ಎದುರಿಗೆ ಹೋಗಿ ನಿಂತು, "ನನಗೂ ಹಾಡಾಕ ಬರ್ತೈತಿ" ಎಂದರಂತೆ. ಆತ ಗೋವಾದ ಮುದುಕ, ತುತ್ತೂರಿ ಊದುವವನು. ಹಾಡಿಸಿ ಕೇಳಿದ.

"ಏನಂದ ಗೊತ್ತೇನು? ನಿನ್ನ ದನಿ ಚಲೋ ಐತಿ. ಆದ್ರ ನೀ ಚರ್ಚಿಗೆ ಹೋದಂಗ ಟೈಮಿಗೆ ಸರಿಯಾಗಿ ಬರ್ತಿ. ಇಲ್ಲಿ ಹಂಗ ಬರಬಾರ್ದು. ತಾಳ ಮುಂದ ಹೋಗ್ಲಿ, ನೀ ತುಸು ತಡಾ ಮಾಡಿ ಬಾ. ಜನ ಎದ್ದು ನಿಂತು ದಾರಿ ನೋಡಬೇಕು, ಅಂದ."

ಹದಿನಾರರ ಹುಡುಗಿಗೆ ಆ ಮಾತು ತಲೆಗೆ ಹತ್ತಲಿಲ್ಲ. ತಡ ಮಾಡಲು ಹೋದರೆ ದಾರಿಯೇ ತಪ್ಪುತ್ತಿತ್ತು. ಮನೆಗೆ ಬಂದು ಮುಖ ಊದಿಸಿಕೊಂಡು ಕೂತಿದ್ದಾಗ ಅಮ್ಮ ಬೀಸುತ್ತಿದ್ದರಂತೆ. ಕಲ್ಲು ಒಂದು ಸುತ್ತು ಬರುತ್ತದೆ. ಹಾಡಿನ ಮಾತು ಕಲ್ಲಿನ ಜೊತೆಗೆ ಹೊರಡುವುದಿಲ್ಲ, ಕಲ್ಲು ಅರ್ಧ ದಾರಿ ಹೋದ ಮೇಲೆ ಹಿಂದಿನಿಂದ ಆರಾಮಾಗಿ ಬಂದು ಕೂಡಿಕೊಳ್ಳುತ್ತದೆ. ಹುಟ್ಟಿದಾಗಿನಿಂದ ಕೇಳಿದ್ದನ್ನು ಅವತ್ತು ಮೊದಲ ಸಲ ಕೇಳಿದೆ ಎಂದರು ಎಸ್ತರಕ್ಕ. ಮುಂದಿನ ಶನಿವಾರ ಕ್ಲಬ್ಬಿಗೆ ಹೋಗಿ ತಡವಾಗಿ ಬಂದರು, ಹಾಡಿನೊಳಗೆ.

ಅಪ್ಪ ಅದನ್ನು ಒಪ್ಪಲಿಲ್ಲ. ಚರ್ಚಿನ ಹಿರಿಯರು ಮನೆಗೆ ಬಂದು, ಕುಣಿಯುವವರ ಮುಂದೆ ಹಾಡುವ ಬಾಯಿ ದೇವರ ಮುಂದೆ ಹಾಡುವುದು ಬೇಡ ಎಂದು ಹೇಳಿ ಹೋದರು. ಅಪ್ಪ ಮಗಳ ಜೊತೆ ಮಾತು ಬಿಟ್ಟರು. "ಅತ್ತಿರಾ?" ಎಂದು ಕೇಳಿದೆ. "ಅತ್ತೆ. ಅತ್ತು ಮುಖ ತೊಳಕೊಂಡು ಪ್ರಾಕ್ಟೀಸಿಗೆ ಹೋದೆ," ಎಂದು ಎಸ್ತರಕ್ಕ ರೊಟ್ಟಿ ತಿರುವಿ ಹಾಕಿದರು.

ಅಲ್ಲಿಂದ ಮುಂಬಯಿ, ಅಲ್ಲಿಂದ ಕಲಕತ್ತೆ. ಕಲಕತ್ತೆಯ ದೊಡ್ಡ ಹೋಟೆಲೊಂದರಲ್ಲಿ ಅವರು ವರ್ಷಗಟ್ಟಲೆ ಹಾಡಿದರು. ಕುರ್ಚಿ ಸಿಗದವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರಂತೆ. ಬೇಸ್ ಬಾರಿಸುವ ಆಂಟನಿ ಸಿಕ್ಕಿದ್ದು ಅಲ್ಲೇ. ಹಡಗಿನಲ್ಲಿ ಹಾಡುತ್ತ ಕೊಲಂಬೊ, ಸಿಂಗಪುರ ಎಲ್ಲ ಸುತ್ತಿದರು, ಒಂದು ಗ್ರಾಮಫೋನ್ ತಟ್ಟೆಯೂ ಬಂತು. ಆಮೇಲೆ ಹೋಟೆಲುಗಳಲ್ಲಿ ಬ್ಯಾಂಡು ಹೋಗಿ ಟೇಪು ಬಂತು. ಗಂಡ ಹೆಂಡತಿ ಹೈದರಾಬಾದಿಗೆ ಮರಳಿ, ಹೊಲದ ನಡುವೆ ಇದ್ದ ಲಿಂಗಂಪಲ್ಲಿಯಲ್ಲಿ ಮನೆ ಕಟ್ಟಿಕೊಂಡರು. ಅಪ್ಪ ಕೊನೆಗಾಲದಲ್ಲಿ ಆ ಮನೆಯಲ್ಲೇ ಇದ್ದರಂತೆ. ಮಾತಾಡಿದರೋ ಇಲ್ಲವೋ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ನಾನು ಅಲ್ಲಿಗೆ ಹೋದಾಗಲೂ ಅವರು ಹಾಡು ಬಿಟ್ಟಿರಲಿಲ್ಲ. ಮದುವೆಯ ಆರತಕ್ಷತೆ, ಕ್ಲಬ್ಬಿನ ಸಂಜೆ ಎಂದು ಯಾರಾದರೂ ಕರೆಯುತ್ತಿದ್ದರು. ಭಾನುವಾರ ಮಧ್ಯಾಹ್ನ ನನ್ನನ್ನು ಎದುರಿಗೆ ಕೂರಿಸಿಕೊಂಡು ಚಪ್ಪಾಳೆಯ ಪಾಠ ಮಾಡುತ್ತಿದ್ದರು. "ಒಂದು ಬಿಡು, ಎರಡು ಹೊಡಿ. ಮೂರು ಬಿಡು, ನಾಕು ಹೊಡಿ. ಏನ್ ತಂಗಿ, ಬ್ಯಾಂಕಿನಾಗ ಮುದ್ರೆ ಒತ್ತಿದಂಗ ಹೊಡೀತಿ!" ಚಿಕ್ಕಂದಿನಲ್ಲಿ ನನಗೆ ಸಂಗೀತ ಹೇಳಿಕೊಡುತ್ತಿದ್ದ ಮೇಷ್ಟ್ರು ಸರಳೆ ವರಸೆಯ ನಡುವೆಯೇ ಊರು ಬಿಟ್ಟು ಹೋಗಿದ್ದರು. ವರ್ಗವಾಗಿತ್ತು ಎಂದು ಅಪ್ಪ ಹೇಳಿದ್ದನ್ನು ನಾನು ಇಂದಿಗೂ ಪೂರ್ತಿ ನಂಬಿಲ್ಲ. ಆದರೂ ಎಸ್ತರಕ್ಕ ಬಿಡಲಿಲ್ಲ. ಫಲ ನೀವು ಆಗಲೇ ನೋಡಿದಿರಿ.

ಮರುವರ್ಷ ಅವರ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಉಸಿರಿಗೆ ಅಡ್ಡ ಬರುವಷ್ಟು ಬೆಳೆದಿತ್ತು, ಶಸ್ತ್ರಚಿಕಿತ್ಸೆ ಮಾಡಲೇಬೇಕಾಯಿತು. ಡಾಕ್ಟರು ಒಳ್ಳೆಯವರು, ಮೊದಲೇ ಎಲ್ಲ ಬಿಡಿಸಿ ಹೇಳಿದ್ದರು: ದನಿಯ ನರ ಗಡ್ಡೆಗೆ ಅಂಟಿಕೊಂಡಿದೆ, ಎಷ್ಟು ಜೋಪಾನ ಮಾಡಿದರೂ ಪೆಟ್ಟಾಗಬಹುದು. ಹಾಗೇ ಆಯಿತು. ಎಸ್ತರಕ್ಕ ಮನೆಗೆ ಬಂದಾಗ ಬಾಯಿಂದ ಬರೀ ಗಾಳಿ ಬರುತ್ತಿತ್ತು. ಮಾತಾಡುವಷ್ಟು ದನಿ ನಿಧಾನಕ್ಕೆ ಬರುತ್ತದೆ, ಹಾಡಿನ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದರು.

ಆ ದಿನಗಳಲ್ಲಿ ಮನೆ ಹೇಗಿತ್ತು ಎಂದು ಹೇಗೆ ಹೇಳಲಿ? ಟ್ಯಾಂಕರಿನವನನ್ನು ತೆಲುಗಿನಲ್ಲಿ ಬೈಯುವ ದನಿ ಇಲ್ಲ, ತರಕಾರಿಯವಳ ಜೊತೆ ಉರ್ದುವಿನಲ್ಲಿ ಚೌಕಾಸಿ ಇಲ್ಲ. ನನ್ನನ್ನು ಕರೆಯಬೇಕಾದರೆ ಲಟ್ಟಣಿಗೆಯಿಂದ ಮೆಟ್ಟಿಲಿನ ಕಂಬಿಗೆ ಬಡಿಯುತ್ತಿದ್ದರು. ಕೆಳಗೆ ಹೋದರೆ ತಟ್ಟೆಯಲ್ಲಿ ರೊಟ್ಟಿ ಇರುತ್ತಿತ್ತು, ಅವರ ಕಣ್ಣು ಬೇರೆಲ್ಲೋ ಇರುತ್ತಿತ್ತು. ಒಂದು ಮಧ್ಯಾಹ್ನ ಅವರು ಗಂಡನ ಬೇಸಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಒಂದೇ ತಂತಿಯನ್ನು ಬೆರಳಿನಿಂದ ಮೀಟುತ್ತ, ಕೆನ್ನೆಯನ್ನು ಅದರ ಮರಕ್ಕೆ ಒತ್ತಿಕೊಂಡಿದ್ದರು. ಅಳುತ್ತಿದ್ದಾರೆ ಎಂದುಕೊಂಡು ಹಿಂದಕ್ಕೆ ಸರಿದೆ. ಕೈ ಬೀಸಿ ಕರೆದರು. ನನ್ನ ಅಂಗೈಯನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡು ತಂತಿ ಮೀಟಿದರು. ಅವರ ಎದೆಯಲ್ಲಿ ಏನೋ ಸಣ್ಣಗೆ ನಡುಗಿತು. ಬಾಯಿ ಮುಚ್ಚಿ ಆ ತಂತಿಯ ಸ್ವರವನ್ನೇ ಒಳಗೆ ಹಿಡಿಯಲು ನೋಡುತ್ತಿದ್ದರು.

"ಐತಿ," ಎಂದರು. ಗಾಳಿಯಲ್ಲಿ ಆಡಿದ ಮಾತು. "ತೆಳಗ ಐತಿ. ಮ್ಯಾಲೆ ಹೋಗೈತಿ, ತೆಳಗ ಐತಿ."

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಎದ್ದರೆ ಕೆಳಗಿನಿಂದ ಕುಕ್ಕರು ಸೀಟಿ ಹೊಡೆಯುವ ಮೊದಲು ಮಾಡುವಂಥ ಸದ್ದು. ಕೆಲವು ದಿನ ಅದು ಹಾಗೇ ನಿಂತುಹೋಗುತ್ತಿತ್ತು, ಕೆಮ್ಮು ಬರುತ್ತಿತ್ತು, ಬಿಸಿನೀರು ಕುಡಿದು ಮತ್ತೆ ಶುರು. ನಾನು ತಲೆದಿಂಬನ್ನು ಕಿವಿಗೆ ಒತ್ತಿಕೊಂಡು ಮಲಗುತ್ತಿದ್ದೆ. ಮಳೆಗಾಲ ಹೋಗಿ ಚಳಿ ಬರುವ ಹೊತ್ತಿಗೆ ಆ ಸದ್ದಿಗೆ ಒಂದು ಆಕಾರ ಬಂದಿತ್ತು. ಮೊದಲಿನ ದನಿ ಅಲ್ಲ. ಗೋಣಿತಾಟಿನ ಹಾಗೆ ಒರಟು, ನಡುವೆ ಎಲ್ಲೋ ಹರಿದುಹೋಗುವಂಥದ್ದು. ಮೊದಲು ಹಾಡುತ್ತಿದ್ದ ಹಾಡುಗಳನ್ನೆಲ್ಲ ಎಷ್ಟೋ ಕೆಳಕ್ಕೆ ಇಳಿಸಿ, ಎಲ್ಲಿ ಹರಿಯುತ್ತದೆ ಎಂದು ಒಂದೊಂದಾಗಿ ಗೊತ್ತು ಮಾಡಿಕೊಂಡರು. ತಪಾಸಣೆಗೆ ಹೋದಾಗ ಡಾಕ್ಟರು, "ಹಾಡಬೇಡಿ ಅಂದಿದ್ದೆನಲ್ಲಮ್ಮಾ" ಎಂದರು. "ಆಸೆ ಇಟ್ಕೋಬ್ಯಾಡ್ರಿ ಅಂದಿದ್ರಿ," ಎಂದರು ಎಸ್ತರಕ್ಕ. "ಆಸೆ ಇಟ್ಕೊಂಡಿಲ್ಲ. ಪ್ರಾಕ್ಟೀಸ್ ಮಾಡಾಕತ್ತೀನಿ." ಹಿಂದಿ ಬಂದರೂ ಹಟಕ್ಕೆ ಕನ್ನಡದಲ್ಲೇ ಅಂದ ಇದನ್ನು ಡಾಕ್ಟರಿಗೆ ನಾನು ನನ್ನ ಹರಕು ಹಿಂದಿಗೆ ಅನುವಾದಿಸಬೇಕಾಯಿತು. ಅವರು ನಕ್ಕು, ಗಂಟಲನ್ನು ಇನ್ನೊಮ್ಮೆ ನೋಡಿ, ಆಯಾಸ ಮಾಡಿಕೊಳ್ಳದಷ್ಟು ಹಾಡಬಹುದು ಎಂದರು.

ಹೀಗಿರುವಾಗ ಒಂದು ದಿನ ಟೈ ಕಟ್ಟಿಕೊಂಡ ಯುವಕನೊಬ್ಬ ಬಂದ. ಯಾವುದೋ ಸಾಫ್ಟ್‌ವೇರ್ ಕಂಪನಿಯ ವಾರ್ಷಿಕ ಸಮಾರಂಭ ನಡೆಸಿಕೊಡುವ ಹೊಣೆ ಹೊತ್ತವನು. ಕಂಪನಿಯ ಯಜಮಾನರು ಕಲಕತ್ತೆಯಲ್ಲಿ ಓದಿದವರಂತೆ, ಎಸ್ತರಕ್ಕನ ಹಾಡೆಂದರೆ ಪ್ರಾಣವಂತೆ. ಗಂಟಲಿನ ವಿಷಯ ಆತನಿಗೆ ತಿಳಿದಿತ್ತು, ಅದಕ್ಕೂ ಉಪಾಯ ಇತ್ತು.

"ಮೇಡಂ, ನಿಮ್ಮ ಹಳೆ ರೆಕಾರ್ಡು ಸಿಕ್ಕಿದೆ. ಅದನ್ನೇ ಹಾಕ್ತೀವಿ. ನೀವು ಸುಮ್ಮನೆ ಮೈಕಿನ ಮುಂದೆ ನಿಂತು ತುಟಿ ಆಡಿಸಿದರೆ ಸಾಕು," ಎಂದು ಹಿಂದಿಯಲ್ಲಿ ನಯವಾಗಿ ಹೇಳಿದ.

ಎಸ್ತರಕ್ಕ ಆತನಿಗೆ ಚಹಾ ಕೊಟ್ಟರು. ಅವರೂ ಹಿಂದಿಯಲ್ಲೇ, ಅಷ್ಟೇ ನಯವಾಗಿ, "ಹಾಗಾದ್ರೆ ನಾನ್ಯಾಕಪ್ಪ? ನನ್ನ ಸೀರೆ ಕಳಿಸ್ತೀನಿ. ಒಂದು ಕೋಲಿಗೆ ಉಡಿಸಿ ನಿಲ್ಲಿಸು" ಎಂದರು. ಆತ ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಬಾಗಿಲ ತನಕ ಹೋದವನಿಗೆ, "ಹಾಡ್ತೀನಿ ಅಂತ ನಿನ್ನ ಯಜಮಾನರಿಗೆ ಹೇಳು. ಪಿಯಾನೊ ಬೇಕು. ಉಳಿದದ್ದು ನಾನು ತರ್ತೀನಿ" ಎಂದರು.

ಉಳಿದದ್ದು ಎಲ್ಲಿತ್ತು? ಆತ ಹೋದ ಮೇಲೆ ನಾನು ಅದನ್ನೇ ಕೇಳಿದೆ. ಎಸ್ತರಕ್ಕ ಸೆರಗು ಸಿಕ್ಕಿಸಿಕೊಂಡು, "ಹುಡುಕೂಣು ನಡಿ" ಎಂದರು.

ಮೊದಲು ಹೋದದ್ದು ಹಬೀಬ್ ಸಾಹೇಬರ ಮನೆಗೆ. ಅವರು ಹಿಂದೆ ಹೈದರಾಬಾದಿನ ಹೋಟೆಲುಗಳಲ್ಲಿ ಪಿಯಾನೊ ನುಡಿಸುತ್ತಿದ್ದವರು. ಈಗ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಎರಡೂ ಕೈ ಎತ್ತಿ ತೋರಿಸಿ, "ಉಂಗ್ಲಿಯಾಂ ಹಡ್ತಾಲ್ ಪೆ ಹೈಂ, ಎಸ್ತರ್‌ಬೀ" ಎಂದರು. ಬೆರಳುಗಳು ಮುಷ್ಕರ ಹೂಡಿವೆಯಂತೆ. "ನನ್ನ ಗಂಟಲೂ ಮುಷ್ಕರ ಹೂಡಿತ್ತು ಸಾಹೇಬ್ರ," ಎಂದು ಇವರು ಕನ್ನಡದಲ್ಲೇ ಅಂದರು. "ಕೂತು ಮಾತಾಡಿದೆ, ಕೆಲಸಕ್ಕ ಬಂತು." ಹಬೀಬ್ ಸಾಹೇಬರಿಗೆ ಎಷ್ಟು ಅರ್ಥವಾಯಿತೋ, ಮರುದಿನದಿಂದ ಅವರು ನಮ್ಮ ಹಾಲಿನಲ್ಲಿದ್ದರು.

ಬೇಸ್ ಬಾರಿಸುವವನು ನನ್ನ ಆಫೀಸಿನಲ್ಲೇ ಸಿಕ್ಕಿದ. ಮಂಗಳೂರಿನ ವಿಲ್ಫ್ರೆಡ್, ನನ್ನ ಪಕ್ಕದ ಮೇಜಿನವನು, ಊರ ಚರ್ಚಿನಲ್ಲಿ ಗಿಟಾರ್ ಹಿಡಿದಿದ್ದವನು. ಬರೀ ನೋಡಿಕೊಂಡು ಹೋಗು ಬಾ ಎಂದು ಕರೆತಂದೆ. ಎಸ್ತರಕ್ಕ ಹಸಿರು ಸೀರೆ ಎಳೆದು, "ಇವರು ನಮ್ಮ ಮನಿಯವರು. ಮರ್ಯಾದಿಯಿಂದ ಮುಟ್ಟು," ಎಂದರು. ವಿಲ್ಫ್ರೆಡ್ ಎರಡು ಹೆಜ್ಜೆ ಹಿಂದೆ ಸರಿದ. ಬೆರಳ ತುದಿಯಲ್ಲಿ ಗುಳ್ಳೆ ಎದ್ದು ಒಡೆದು ಗಟ್ಟಿಯಾಗುವ ತನಕ ಅವನಿಗೆ ಬಿಡುವು ಸಿಗಲಿಲ್ಲ. ಆಫೀಸಿನಲ್ಲಿ ಕೀಬೋರ್ಡ್ ಮುಟ್ಟುವಾಗ "ಅಯ್ಯಬ್ಬಾ" ಎನ್ನುತ್ತಿದ್ದ. ಸಂಜೆ ನನಗಿಂತ ಮೊದಲು ಲಿಂಗಂಪಲ್ಲಿಯಲ್ಲಿ ಇರುತ್ತಿದ್ದ.

ನನ್ನ ಪಾಲಿಗೆ ಬಂದದ್ದು ಬಟ್ಟೆಯ ಖಾತೆ. ಸುಲ್ತಾನ್ ಬಜಾರಿನಲ್ಲಿ ಅವರಿಗೆ ಹಳೆಯ ಪರಿಚಯದ ದರ್ಜಿ ಒಬ್ಬ ಇದ್ದ. ಎಸ್ತರಕ್ಕ ತಮ್ಮ ಅಮ್ಮನ ಇಳಕಲ್ ಸೀರೆಯನ್ನು ಅವನ ಮುಂದೆ ಹರವಿ, ಇದರಲ್ಲಿ ನೆಲ ಮುಟ್ಟುವ ಗೌನು ಹೊಲಿ ಎಂದರು. ದರ್ಜಿ ಕತ್ತರಿ ಕೆಳಗಿಟ್ಟ. ಇಂಥ ಸೀರೆಗೆ ಕತ್ತರಿ ಹಾಕುವುದು ಪಾಪ ಎಂದು ತೆಲುಗಿನಲ್ಲಿ ವಾದಿಸಿದ. ಅಕ್ಕಪಕ್ಕದ ಅಂಗಡಿಯವರು ಸೇರಿದರು, ಬಳೆ ಕೊಳ್ಳಲು ಬಂದಿದ್ದ ಹೆಂಗಸರೂ ಸೇರಿದರು, ಎಲ್ಲರೂ ಸೀರೆಯ ಪರ. ಎಸ್ತರಕ್ಕ ಎಲ್ಲರ ಮಾತೂ ಕೇಳಿ, ತಾವೇ ಕತ್ತರಿ ತೆಗೆದುಕೊಂಡು ಸೀರೆಯ ಅಂಚಿನಲ್ಲಿ ಒಂದು ಗೇಣು ಕತ್ತರಿಸಿದರು. "ಈಗ ಹೊಲಿ. ಪಾಪ ನನಗ ಬಂತು."

ಸಮಾರಂಭ ಹೊಸದಾಗಿ ತೆರೆದಿದ್ದ ಹೋಟೆಲೊಂದರ ಹುಲ್ಲುಹಾಸಿನ ಮೇಲೆ, ಸಂಜೆ. ಕಾಂಪೌಂಡಿನ ಆಚೆ ಇನ್ನೊಂದು ಕಟ್ಟಡ ಏಳುತ್ತಿತ್ತು. ಅದಕ್ಕೆ ಕಟ್ಟಿದ್ದ ಬೊಂಬಿನ ಸಾರುವೆಯ ಮೇಲಿಂದ ಕೆಲಸದವರು ದಿನದ ಕೆಲಸ ಮುಗಿಸಿ ಇಳಿಯುವ ಹೊತ್ತು. ಈಚೆ ನಮ್ಮಂಥವರೇ ನೂರಾರು ಜನ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಪನೀರು. ವಿಲ್ಫ್ರೆಡ್ ಬೇಸಿನ ಹಿಂದೆ ಅಡಗಿಕೊಂಡ ಹಾಗೆ ನಿಂತಿದ್ದ. ಹಬೀಬ್ ಸಾಹೇಬರು ಶೇರ್ವಾನಿ ಹಾಕಿಕೊಂಡು ಬಂದಿದ್ದರು. ಎಸ್ತರಕ್ಕ ಇಳಕಲ್ಲಿನ ಕೆಂಪು ಸೆರಗು ಎದೆಯಿಂದ ಪಾದದವರೆಗೆ ಇಳಿದ ಗೌನಿನಲ್ಲಿ ಬಂದು ನಿಂತರು. ಸುಲ್ತಾನ್ ಬಜಾರಿನವರು ಆಗ ಅವರನ್ನು ನೋಡಬೇಕಿತ್ತು.

ಮೊದಲ ಹಾಡು ಇಂಗ್ಲಿಷಿನದು, ನಿಧಾನದ್ದು. ಅವರು ತಡವಾಗಿಯೇ ಬಂದರು, ಕೆಳಗಿನ ದನಿಯಲ್ಲಿ. ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಎರಡನೆಯ ಚರಣದಲ್ಲಿ, ಅಭ್ಯಾಸದಲ್ಲಿ ಎಂದೂ ಹರಿಯದ ಜಾಗದಲ್ಲಿ, ದನಿ ಹರಿಯಿತು. ಒಂದು ಸ್ವರ ಬರಲೇ ಇಲ್ಲ, ಬರೀ ಗಾಳಿ. ಮುಂದಿನ ಸಾಲಿನಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರು. ಅಷ್ಟರಲ್ಲಿ ಟೈ ಕಟ್ಟಿದ ಯುವಕ ಮೈಕ್ ಸೆಟ್ಟಿನವನ ಕಡೆ ಕೈ ಮಾಡಿದ. ನಾನು ನೋಡನೋಡುತ್ತಿದ್ದ ಹಾಗೆ ಸ್ಪೀಕರುಗಳಿಂದ ಅದೇ ಹಾಡು ಎದ್ದಿತು. ಎಳೆಯ, ಹೊಳೆಯುವ, ಎಲ್ಲಿ ಬೇಕಾದರೂ ಏರುವ ಕಂಠ. ಎಸ್ತರಕ್ಕನದೇ, ಹಳೆಯ ತಟ್ಟೆಯದು. ಹುಲ್ಲುಹಾಸಿನ ಮೇಲಿದ್ದವರು ತಲೆ ಎತ್ತಿದರು. ಕೆಲವರು ಚಪ್ಪಾಳೆ ತಟ್ಟಿದರು.

ಎಸ್ತರಕ್ಕ ಹಾಡು ನಿಲ್ಲಿಸಿದರು. ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಆ ಕಂಠವನ್ನು ಕೇಳುತ್ತ ನಿಂತರು, ಬೇರೆ ಯಾರದೋ ಹಾಡನ್ನು ಕೇಳುವ ಹಾಗೆ. ನನಗೆ ಅವರ ಮುಖ ಕಾಣುತ್ತಿತ್ತು. ಸಿಟ್ಟಿರಲಿಲ್ಲ. ಅಂಥ ಮುಖವನ್ನು ನಾನು ಆಮೇಲೆ ಮದುವೆಮನೆಗಳಲ್ಲಿ ನೋಡಿದ್ದೇನೆ, ಮಗಳನ್ನು ಒಪ್ಪಿಸಿಕೊಡುವ ತಾಯಂದಿರಲ್ಲಿ. ಆಮೇಲೆ ಮೈಕು ಬಾಯಿಯ ಹತ್ತಿರ ತಂದುಕೊಂಡು ಹಿಂದಿಯಲ್ಲಿ ಹೇಳಿದರು:

"ಈ ಹುಡುಗಿ ಚೆನ್ನಾಗಿ ಹಾಡ್ತಾಳೆ. ಆದರೆ ಇವತ್ತು ನೀವು ಕರೆದಿರೋದು ಅವಳನ್ನಲ್ಲ, ನನ್ನನ್ನ. ಬಂದ್ ಮಾಡಿ."

ಮೈಕ್ ಸೆಟ್ಟಿನವನು ಯುವಕನ ಮುಖ ನೋಡಿದ. ಯುವಕ ಯಜಮಾನರ ಮುಖ ನೋಡಿದ. ಮುಂದಿನ ಸಾಲಿನಲ್ಲಿ ಕೂತಿದ್ದ ಯಜಮಾನರು ತಲೆಯಾಡಿಸಿದರು. ಹಾಡು ಸಾಲಿನ ನಡುವೆ ಕಡಿದುಬಿತ್ತು.

ಆಗ ಎಸ್ತರಕ್ಕ ಹಬೀಬ್ ಸಾಹೇಬರಿಗೆ ಸುಮ್ಮನಿರುವಂತೆ ಸನ್ನೆ ಮಾಡಿ, ವಿಲ್ಫ್ರೆಡ್ ಕಡೆ ತಿರುಗಿ ಬೆರಳು ಸುತ್ತಿಸಿ ತೋರಿಸಿದರು, ಬೀಸುಕಲ್ಲು ತಿರುಗಿದ ಹಾಗೆ. ಅವನು ಬಿಳಿಚಿಕೊಂಡಿದ್ದ. ಆದರೂ ಬಾರಿಸಿದ. ಧುಂ, ಧುಂ, ಧುಂ, ಧುಂ. ಸುತ್ತು ಅರ್ಧ ದಾಟಿದ ಮೇಲೆ ಅವರು ಬಂದರು, ಕನ್ನಡದಲ್ಲಿ, ಅವರ ಅಮ್ಮ ತಾವೇ ಕಟ್ಟಿ ಹಾಡುತ್ತಿದ್ದ ಪದ:

ನೀರ ಕುಡಿದ ಗಾಡಿ ನಿಂತೈತಿ ಟೇಸನದಾಗ
ನಾ ಕುಂತೀನಿ ಕಲ್ಲ ಮುಂದಾಗ, ಹೊಗಿಯವ್ವ
ಕರಿ ಮಾರಿ ಗಂಡ ಹಸದಾನ

ಆ ದನಿಗೆ ಆ ಪದ ಎಷ್ಟು ಒಪ್ಪಿತು ಎಂದರೆ, ಹರಿಯುವ ಜಾಗ ಬಂದಾಗ ಅದು ಹರಿಯಬೇಕಾದದ್ದೇ ಅನ್ನಿಸಿತು. ಕಲ್ಲಿಗೆ ಕಾಳು ಸಿಕ್ಕಾಗ ಆಗುವ ಸದ್ದು ಅದು. ಪನೀರು ತಿನ್ನುತ್ತಿದ್ದವರ ಕೈ ನಿಂತಿತು. ಅವರಲ್ಲಿ ಹೆಚ್ಚಿನವರಿಗೆ ಒಂದು ಮಾತೂ ಅರ್ಥವಾಗಿರಲಿಕ್ಕಿಲ್ಲ. ಅರ್ಥವಾದವರು, ಉತ್ತರ ಕರ್ನಾಟಕದಿಂದ ಕೂಲಿಗೆ ಬಂದವರು, ಕಾಂಪೌಂಡಿನ ಆಚೆ ಇದ್ದರು. ಸಾರುವೆಯಿಂದ ಇಳಿಯುತ್ತಿದ್ದವರು ಇಳಿಯುವುದನ್ನು ನಿಲ್ಲಿಸಿದ್ದರು. ಅಲ್ಲಿಂದ ಒಬ್ಬ ಹೆಂಗಸು, ತಲೆಯ ಮೇಲೆ ಸಿಂಬಿ ಇನ್ನೂ ಹಾಗೇ ಇತ್ತು, ಗಂಟಲೆತ್ತಿ ಕೂಗಿದಳು:

"ಯವ್ವಾ, ಯಾವೂರ್ರೀ ನಿಮ್ದು?"

ಎಸ್ತರಕ್ಕ ಹಾಡು ನಿಲ್ಲಿಸಲಿಲ್ಲ. ಮುಂದಿನ ಸುತ್ತಿಗೆ, ಅದೇ ಧಾಟಿಯಲ್ಲಿ, "ರಾಯಚೂರವ್ವಾ" ಎಂದು ಎಳೆದು ಹಾಡಿದರು. ಆಚೆಯಿಂದ ಸಿಳ್ಳೆ, ಕೇಕೆ. ಈಚೆಯವರೂ ನಕ್ಕರು. ಹಬೀಬ್ ಸಾಹೇಬರಿಗೆ ಇನ್ನು ತಡೆಯಲಾಗಲಿಲ್ಲ, ಅಪ್ಪಣೆ ಕೇಳದೆ ಪಿಯಾನೊ ಸೇರಿಸಿಬಿಟ್ಟರು. ಅಲ್ಲಿಂದ ಮುಂದೆ ಎಸ್ತರಕ್ಕ ಇಂಗ್ಲಿಷಿನಲ್ಲೇ ಹಾಡಿದರು, ಹಳೆಯವನ್ನೇ ಹಾಡಿದರು, ಆದರೆ ಎಲ್ಲವೂ ಈ ಹೊಸ ದನಿಯಲ್ಲಿ. ಕೊನೆಗೆ ಜನ ಎದ್ದು ನಿಂತಿದ್ದರು. ಕಾಂಪೌಂಡಿನ ಆಚೆಯವರು ಮೊದಲಿನಿಂದಲೂ ನಿಂತೇ ಇದ್ದರು.

ಟೈ ಕಟ್ಟಿದ ಯುವಕ ಬಂದು ಕ್ಷಮೆ ಕೇಳಿದ. "ಇನ್ನೊಂದ್ಸಲ ಕರಿ," ಎಂದರು ಎಸ್ತರಕ್ಕ. ಅವನು ಕರೆದ ಕೂಡ.

ಆ ಹೋಟೆಲಿನವರು ಭಾನುವಾರದ ಚಹಾದ ಹೊತ್ತಿಗೆ ಅವರನ್ನು ಹಾಡಲು ಕೇಳಿಕೊಂಡರು. ವಿಲ್ಫ್ರೆಡ್ ಪ್ರೋಗ್ರಾಮು ಬರೆಯುವುದಕ್ಕಿಂತ ಬೇಸ್ ಬಾರಿಸುವುದನ್ನೇ ಚೆನ್ನಾಗಿ ಕಲಿತ. ಎಸ್ತರಕ್ಕ ಅಲ್ಲಿ ಆಮೇಲೂ ಬಹಳ ವರ್ಷ ಹಾಡಿದರು. ಮುಂಬಯಿಗೆ, ಗೋವಾಕ್ಕೆ ಹೋಗಿ ಬಂದರು. ಆ ಒರಟು ದನಿಯಲ್ಲಿ ಒಂದು ಸಿ.ಡಿ. ಕೂಡ ಬಂತು. ಹಳೆಯ ತಟ್ಟೆಗಿಂತ ಇದೇ ಮೇಲು ಎಂದು ಹೇಳುವವರು ಇದ್ದಾರೆ. ನನಗೆ ಅಷ್ಟು ತಿಳಿಯುವುದಿಲ್ಲ. ತಿಳಿದಿರುವುದು ಒಂದು ಭಾನುವಾರದ ವಿಷಯ, ಅದನ್ನು ಹೇಳಿ ಮುಗಿಸುತ್ತೇನೆ.

ಆ ಸಮಾರಂಭದ ಮರುವರ್ಷವೇ ಸಾಫ್ಟ್‌ವೇರಿಗೆ ಕೆಟ್ಟ ಕಾಲ ಬಂದಿತ್ತು. ಅಮೆರಿಕದಲ್ಲಿ ಏನೋ ಕುಸಿದು, ನಮ್ಮಲ್ಲಿ ಶುಕ್ರವಾರ ಸಂಜೆ ಒಬ್ಬೊಬ್ಬರನ್ನೇ ಕೋಣೆಗೆ ಕರೆದು, ಕುತ್ತಿಗೆಯ ಗುರುತಿನ ಚೀಟಿ ತೆಗೆಸಿಕೊಂಡು ಕಳಿಸುತ್ತಿದ್ದರು. ಆ ಶುಕ್ರವಾರ ನನ್ನ ಸರದಿ. ಮನೆಯಲ್ಲಿ ಬಾಯಿ ಬಿಡಲಿಲ್ಲ. ಭಾನುವಾರ ಮಧ್ಯಾಹ್ನ ಸುಮ್ಮನೆ ಹೋಟೆಲಿಗೆ ಹೋಗಿ ಕೂತೆ. ಹಾಲಿನ ತುಂಬ ಖಾಲಿ ಮೇಜು. ಜನರ ಕೈಯಲ್ಲಿ ಕೆಲಸವೇ ಇಲ್ಲದಾಗ ಹೋಟೆಲಿನ ಚಹಾ ಯಾರಿಗೆ ಬೇಕು? ಮ್ಯಾನೇಜರು ಎಸ್ತರಕ್ಕನ ಹತ್ತಿರ ಹೋಗಿ, "ಮೇಡಂ, ಒಂದೇ ಟೇಬಲ್ ಇದೆ. ಇವತ್ತು ಬಿಡೋಣವಾ?" ಎಂದದ್ದು ನನಗೂ ಕೇಳಿಸಿತು. ಅವರು ಕತ್ತೆತ್ತಿ ನನ್ನನ್ನು ನೋಡಿದರು.

"ಒಂದು ಐತಲ್ಲ," ಎಂದರು.

ಅವರು ಇಡೀ ಹಾಲು ತುಂಬಿದ್ದರೆ ಹೇಗೆ ಹಾಡುತ್ತಿದ್ದರೋ ಹಾಗೆಯೇ ಹಾಡಿದರು. ಪ್ರತಿ ಹಾಡಿನ ಹೆಸರು ಹೇಳಿದರು, ವಾದ್ಯದವರ ಪರಿಚಯ ಮಾಡಿಕೊಟ್ಟರು, ಹಾಡು ಮುಗಿದಾಗ ಬಗ್ಗಿ ವಂದಿಸಿದರು. ನಡುವಿನ ವಿರಾಮದಲ್ಲಿ ಬಿಸಿನೀರಿನ ಲೋಟ ಹಿಡಿದುಕೊಂಡು ನನ್ನ ಮೇಜಿಗೆ ಬಂದು ಕೂತರು.

"ನೌಕ್ರಿ ಹೋತು?"

"ಯಾರು ಹೇಳಿದರು?"

"ಶುಕ್ರವಾರದಿಂದ ನಿನ್ನ ಕೊಳ್ಳಾಗ ಆ ಚೀಟಿಯ ಗಂಟಿ ಇಲ್ಲ. ಕಣ್ಣಿಲ್ಲೇನ ನನಗ?"

ನಾನು ತಲೆಯಾಡಿಸಿದೆ. ಅವರು ನನ್ನ ಬೆನ್ನು ಸವರಲಿಲ್ಲ, ಎಲ್ಲ ಸರಿಹೋಗುತ್ತದೆ ಎನ್ನಲಿಲ್ಲ. ಬಿಸಿನೀರು ಕುಡಿದು ಮುಗಿಸಿ, ಲೋಟ ಮೇಜಿನ ಮೇಲಿಟ್ಟು, ಬಾಯಿ ಒರೆಸುವ ಬಟ್ಟೆಯನ್ನು ನನ್ನ ಕಡೆ ಸರಿಸಿದರು.

"ಅಳೂದಿದ್ರ ಈಗ ಅತ್ತುಬಿಡು ತಂಗಿ. ಎರಡನೇ ಪಾಳಿ ಶುರು ಆದಮ್ಯಾಲೆ ಸದ್ದು ಮಾಡಬ್ಯಾಡ. ನಾ ಹಾಡಬೇಕು."

ಎದ್ದು ಹೋದರು. ನಾನು ಅತ್ತೆ. ಬಟ್ಟೆಯಿಂದ ಮುಖ ಒರೆಸಿಕೊಂಡೆ. ವಿಲ್ಫ್ರೆಡ್ ಬೇಸನ್ನು ಭುಜಕ್ಕೆ ಒರಗಿಸಿಕೊಂಡ, ಹಬೀಬ್ ಸಾಹೇಬರು ಬೆರಳು ನೀವಿಕೊಂಡರು, ಎಸ್ತರಕ್ಕ ಖಾಲಿ ಹಾಲಿಗೆ ಒಮ್ಮೆ ತಲೆಬಾಗಿ ಮೈಕಿನ ಮುಂದೆ ನಿಂತರು. ಎರಡನೇ ಪಾಳಿ ಶುರುವಾಯಿತು. ನಾನು ಸದ್ದು ಮಾಡಲಿಲ್ಲ.